ಬಾಜಿ ಕಟ್ಟುವ ಮುನ್ನ ಜಾಕಿಯನ್ನು ತೂಗಿ ನೋಡುವ ಬಗೆ

ಮಂಡ್ಯ ಸೀಮೆಯಲ್ಲಿ ಎತ್ತಿನ ಗಾಡಿ ಓಟ ನೋಡುತ್ತ ಬೆಳೆದವರಿಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜೋಡಿ ಎಷ್ಟೇ ಚುರುಕಾಗಿದ್ದರೂ, ಹಗ್ಗ ಹಿಡಿದವನು ಆರಂಭದಲ್ಲೇ ಅವುಗಳ ಉಸಿರು ಕಳೆದುಬಿಟ್ಟರೆ ಗಾಡಿ ಗೆರೆ ಮುಟ್ಟುವ ಹೊತ್ತಿಗೆ ಹಿಂದೆ ಬಿದ್ದಿರುತ್ತದೆ. ಆದ್ದರಿಂದಲೇ ಗದ್ದೆ ಬದುವಿನ ಮೇಲೆ ಕುಳಿತ ಹಿರಿಯರು ಎತ್ತುಗಳ ಮೈಕಟ್ಟು ನೋಡಿದ ಮೇಲೆ ಗಾಡಿ ಹೊಡೆಯುವವನ ಕೈಯನ್ನೂ ನೋಡುತ್ತಾರೆ. ಅದೇ ಜನ ಚಾಮುಂಡಿ ಬೆಟ್ಟದ ಬುಡದಲ್ಲಿರುವ ಮೈಸೂರಿನ ರೇಸ್ ಕೋರ್ಸಿಗೆ ಬಂದಾಗ ಈ ಅಭ್ಯಾಸವನ್ನು ಗೇಟಿನ ಹೊರಗೆ ಬಿಟ್ಟು ಒಳಬರುತ್ತಾರೆ. ರೇಸ್ ಪುಸ್ತಕದಲ್ಲಿ ಹೆಸರಾಂತ ಜಾಕಿ ಯಾವ ಕುದುರೆಯ ಮೇಲಿದ್ದಾನೆಂದು ಹುಡುಕಿ, ಆ ಸಂಖ್ಯೆಗೆ ಗುರುತು ಹಾಕಿ, ಬುಕ್ಕಿಯ ಬಳಿ ಹೋಗುತ್ತಾರೆ. ನಾನೂ ಒಂದು ಇಡೀ ಮಳೆಗಾಲದ ಸೀಸನ್ ಹೀಗೆಯೇ ಹೆಸರಿನ ಹಿಂದೆ ಹೋಗಿ ಹಣ ಕಳೆದುಕೊಂಡವನು. ಜಾಕಿಯನ್ನು ಅಳೆಯುವುದು ಹೇಗೆಂದು ಕಲಿಯಲು ಕುಳಿತದ್ದು ಆ ನಂತರ.

ಮೊದಲು ಜಾಕಿಯ ಪಾಲು ಎಷ್ಟೆಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕುದುರೆಯ ಯೋಗ್ಯತೆ, ಅದು ಹೊತ್ತಿರುವ ತೂಕ, ಓಡಬೇಕಾದ ದೂರ, ನೆಲದ ಹದ ಇವು ಮೊದಲು ಬರುತ್ತವೆ; ಜಾಕಿ ಅವುಗಳ ನಂತರ. ನಿಧಾನದ ಕುದುರೆಯನ್ನು ವೇಗದ ಕುದುರೆಯಾಗಿ ಮಾಡುವ ಜಾಕಿ ಇನ್ನೂ ಹುಟ್ಟಿಲ್ಲ, ಆದರೆ ಗೆಲ್ಲಬೇಕಾದ ಕುದುರೆಯನ್ನು ಸೋಲಿಸುವ ಜಾಕಿಗಳು ಪ್ರತಿ ರೇಸಿನಲ್ಲೂ ಸಿಗುತ್ತಾರೆ. ಹ್ಯಾಂಡಿಕ್ಯಾಪ್ ರೇಸುಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಸಾಮರ್ಥ್ಯಕ್ಕೆ ಕೊಟ್ಟ ಅಂಕ, ಅಂದರೆ ರೇಟಿಂಗ್, 15ರಿಂದ 35, 40ರಿಂದ 65 ಎಂದು ಕುದುರೆಗಳನ್ನು ವಿಂಗಡಿಸಿ, ಬಲಶಾಲಿಗೆ ಹೆಚ್ಚು ತೂಕ ಹೊರಿಸಿ, ಎಲ್ಲವೂ ಒಂದೇ ಸಾಲಿನಲ್ಲಿ ಗೆರೆ ದಾಟುವಂತೆ ಮಾಡುವುದೇ ಹ್ಯಾಂಡಿಕ್ಯಾಪರನ ಕೆಲಸವಾಗಿರುವುದರಿಂದ, ಅಲ್ಲಿ ಗೆಲುವಿನ ಅಂತರ ಕುತ್ತಿಗೆ, ತಲೆ, ಕೆಲವೊಮ್ಮೆ ಮೂಗಿನಷ್ಟಕ್ಕೆ ಇಳಿಯುತ್ತದೆ. ಅಷ್ಟು ಕಡಿಮೆ ಅಂತರವನ್ನು ನಿರ್ಧರಿಸಲು ಒಂದು ಜೊತೆ ಕೈಗಳು ಧಾರಾಳವಾಗಿ ಸಾಕು. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ಪಂದ್ಯವನ್ನು ಕೌಶಲದ ಆಟವೆಂದು ತೀರ್ಮಾನಿಸಿದಾಗ ಕುದುರೆಯ ತರಬೇತಿಯ ಜೊತೆಗೆ ಜಾಕಿಯ ಸವಾರಿ ಕೌಶಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು.

ಜಾಕಿಯನ್ನು ಅಳೆಯಲು ಎಲ್ಲರೂ ಬಳಸುವ ಅಳತೆಗೋಲು ಅವನ ಗೆಲುವುಗಳ ಸಂಖ್ಯೆ. ನನ್ನ ಅಭಿಪ್ರಾಯದಲ್ಲಿ ಇಷ್ಟು ದಾರಿ ತಪ್ಪಿಸುವ ಅಳತೆ ಬೇರೊಂದಿಲ್ಲ. ಒಳ್ಳೆಯ ಜಾಕಿಗೆ ಒಳ್ಳೆಯ ಕುದುರೆಗಳು ಸಿಗುತ್ತವೆ, ಒಳ್ಳೆಯ ಕುದುರೆಗಳು ಗೆಲ್ಲುತ್ತವೆ, ಗೆದ್ದದ್ದರಿಂದ ಇನ್ನೂ ಒಳ್ಳೆಯ ಕುದುರೆಗಳು ಅವನ ಪಾಲಾಗುತ್ತವೆ. ಇಲ್ಲಿ ಕುದುರೆಯ ಪಾಲೆಷ್ಟು, ಜಾಕಿಯ ಪಾಲೆಷ್ಟು ಎಂದು ಆ ಸಂಖ್ಯೆಯೊಂದೇ ಹೇಳಲಾರದು. ಊಹೆಗಾಗಿ ಇಬ್ಬರು ಜಾಕಿಗಳನ್ನು ತೆಗೆದುಕೊಳ್ಳೋಣ. ಮೊದಲನೆಯವನು 200 ಸವಾರಿಗಳಲ್ಲಿ 40 ಗೆದ್ದಿದ್ದಾನೆ, ಅಂದರೆ ಶೇಕಡ 20. ಎರಡನೆಯವನು 150ರಲ್ಲಿ 15, ಅಂದರೆ ಶೇಕಡ 10. ಪ್ರತಿ ಸವಾರಿಗೂ 100 ರೂಪಾಯಿ ಕಟ್ಟಿದ್ದರೆ, ತೆರಿಗೆಯ ಮಾತು ಸದ್ಯಕ್ಕೆ ಬಿಟ್ಟು, ಮೊದಲನೆಯವನ ಮೇಲೆ 20,000 ರೂಪಾಯಿ ಹೂಡಿದಂತಾಗುತ್ತದೆ. ಅವನು ಏರುವುದು ಹೆಚ್ಚಾಗಿ ಫೇವರಿಟ್ ಕುದುರೆಗಳನ್ನೇ, ಅಂದರೆ ಹೆಚ್ಚು ಜನ ಗೆಲ್ಲುವುದೆಂದು ನಂಬಿದವನ್ನೇ, ಆದ್ದರಿಂದ ಗೆದ್ದಾಗ ಸರಾಸರಿ 400 ರೂಪಾಯಿ ಬಂತೆಂದರೆ ಒಟ್ಟು 16,000, ನಷ್ಟ 4,000. ಎರಡನೆಯವನ ಕುದುರೆಗಳನ್ನು ಯಾರೂ ಅಷ್ಟಾಗಿ ನಂಬುವುದಿಲ್ಲವಾದ್ದರಿಂದ ಸರಾಸರಿ 1,100 ರೂಪಾಯಿ ಬಂದರೆ 15,000ಕ್ಕೆ 16,500, ಲಾಭ 1,500. ಅರ್ಧದಷ್ಟು ಯಶಸ್ಸಿನ ಜಾಕಿ ಬಾಜಿ ಕಟ್ಟಿದವನಿಗೆ ಹೆಚ್ಚು ಕೊಟ್ಟಿದ್ದಾನೆ.

ಈ ಲೆಕ್ಕದಲ್ಲೂ ಒಂದು ಬಲೆಯಿದೆ. ಎರಡನೆಯವನ 15 ಗೆಲುವುಗಳಲ್ಲಿ ಒಂದೇ ಒಂದು 4,000 ರೂಪಾಯಿ ತಂದಿದ್ದರೆ, ಆ ಒಂದನ್ನು ಬದಿಗಿಟ್ಟು ನೋಡಿದಾಗ 14,900 ಹೂಡಿ 12,500 ಪಡೆದಂತಾಗಿ ಲಾಭವೆಲ್ಲ ಕರಗಿ 2,400 ನಷ್ಟವಾಗುತ್ತದೆ. ಆದ್ದರಿಂದ ಯಾವ ಜಾಕಿಯ ಲೆಕ್ಕ ಮಾಡಿದರೂ ಅತಿ ದೊಡ್ಡ ಗೆಲುವೊಂದನ್ನು ತೆಗೆದು ಇನ್ನೊಮ್ಮೆ ಮಾಡಿ ನೋಡಬೇಕು.

ಇದಕ್ಕಿಂತ ಗಟ್ಟಿಯಾದ ದಾರಿ ಇನ್ನೊಂದಿದೆ. ಪ್ರತಿ ಕುದುರೆಯ ದರದಲ್ಲೇ ಅದು ಗೆಲ್ಲುವ ಸಾಧ್ಯತೆ ಅಡಗಿರುತ್ತದೆ. ಒಂದಕ್ಕೆ ಮೂರು ದರವೆಂದರೆ, ಅಂದರೆ ಒಂದು ರೂಪಾಯಿಗೆ ಮೂರು ರೂಪಾಯಿ ಲಾಭವೆಂದರೆ, ನಾಲ್ಕರಲ್ಲಿ ಒಂದು ಸಾಧ್ಯತೆ, 0.25, ಒಂದಕ್ಕೆ ಒಂಬತ್ತೆಂದರೆ ಹತ್ತರಲ್ಲಿ ಒಂದು, 0.10, ಒಂದಕ್ಕೆ ಒಂದು ಕೊಡುವ ಈವನ್ಸ್ ಎಂದರೆ 0.50. ಜಾಕಿಯ ಪ್ರತಿ ಸವಾರಿಯ ಎದುರು ಈ ಅಂಕಿಯನ್ನು ಬರೆದುಕೊಂಡು ಕೂಡುತ್ತ ಹೋಗಿ. ಅರವತ್ತು ಸವಾರಿಗಳ ಮೊತ್ತ 9.2 ಬಂದರೆ, ಮಾರುಕಟ್ಟೆ ಅವನಿಂದ ಸುಮಾರು ಒಂಬತ್ತು ಗೆಲುವುಗಳನ್ನು ನಿರೀಕ್ಷಿಸಿತ್ತು ಎಂದರ್ಥ. ಬುಕ್ಕಿ ತನ್ನ ಲಾಭವನ್ನು ದರದೊಳಗೆ ಸೇರಿಸಿಕೊಂಡೇ ಇರುವುದರಿಂದ ಈ ನಿರೀಕ್ಷೆ ವಾಸ್ತವಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಹಾಗಾಗಿ ನಿಖರವಾಗಿ ಒಂಬತ್ತು ಗೆದ್ದವನೂ ಒಳ್ಳೆಯ ಸವಾರನೇ. ಹನ್ನೆರಡು ಗೆದ್ದಿದ್ದರೆ ಕಣ್ಣಿಡಬೇಕಾದವನು. ಆದರೂ ಅರವತ್ತು ಸವಾರಿಗಳಲ್ಲಿ ಎರಡು ಮೂರು ಗೆಲುವುಗಳ ಏರುಪೇರು ಬರೀ ಅದೃಷ್ಟದಿಂದಲೂ ಆಗಬಹುದೆಂಬುದನ್ನು ಮರೆಯಬಾರದು. ಎರಡು ಮೂರು ಸೀಸನ್‌ಗಳಲ್ಲಿ ಇದೇ ಬಗೆಯ ಹೆಚ್ಚುವರಿ ಕಂಡರೆ ಮಾತ್ರ ಅದನ್ನು ಕೌಶಲವೆಂದು ನಂಬಬಹುದು. ದೂರದ ಪ್ರಕಾರ ಈ ಲೆಕ್ಕವನ್ನು ಒಡೆದು ಇಟ್ಟರೆ ಇನ್ನೂ ಉಪಯುಕ್ತ. 1200 ಮೀಟರಿನಲ್ಲಿ ಗೇಟಿನಿಂದ ಮಿಂಚಿನಂತೆ ಹೊರಡುವ ಜಾಕಿ 2000 ಮೀಟರಿನಲ್ಲಿ ತಾಳ್ಮೆಗೆಡುವುದನ್ನು ನಾನು ಬಹಳ ಕಂಡಿದ್ದೇನೆ.

ಅಂಕಿಗಳು ಹೇಳದ ಸಂಗತಿಗಳನ್ನು ಕಣ್ಣಿನಿಂದಲೇ ಕಲಿಯಬೇಕು. ಜಾಕಿ ಜೀನಿನ ಮೇಲೆ ಕುಳಿತಿರುವುದಿಲ್ಲ. ಮೊಳಕಾಲು ಮಡಚಿ, ರಿಕಾಪಿನ ಮೇಲೆ ನಿಂತು, ಬೆನ್ನನ್ನು ಕುದುರೆಯ ಬೆನ್ನಿಗೆ ಸಮಾನಾಂತರವಾಗಿ ಹಿಡಿದಿರುತ್ತಾನೆ. ಈ ಭಂಗಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದಾಗ ಪಂದ್ಯದ ಸಮಯಗಳು ಶೇಕಡ 5ರಿಂದ 7ರಷ್ಟು ಸುಧಾರಿಸಿದವೆಂದೂ, ಕುದುರೆಯ ಮೈ ಏರಿಳಿಯುವಾಗ ಜಾಕಿ ತನ್ನ ಮೈಯನ್ನು ಅದರೊಂದಿಗೆ ಏರಿಳಿಸದೆ ಸ್ಥಿರವಾಗಿ ತೇಲಿಸುವುದರಿಂದ ಪ್ರಾಣಿಗೆ ಆ ಹೊರೆ ತಪ್ಪುತ್ತದೆಂದೂ 2009ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿಕೊಟ್ಟರು. ಇದನ್ನು ತಿಳಿದ ಮೇಲೆ ಕೊನೆಯ 400 ಮೀಟರ್ ನೋಡುವ ರೀತಿಯೇ ಬದಲಾಗುತ್ತದೆ. ದುರ್ಬೀನನ್ನು ಕುದುರೆಯ ತಲೆಯ ಮೇಲಿಡದೆ ಜಾಕಿಯ ಸೊಂಟದ ಮೇಲಿಡಿ. ಒಳ್ಳೆಯವನ ಸೊಂಟ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಾಗುತ್ತದೆ, ಕುದುರೆ ಕುತ್ತಿಗೆ ಚಾಚಿದ ಕ್ಷಣದಲ್ಲೇ ಅವನ ಕೈಗಳು ಮುಂದಕ್ಕೆ ಹೋಗುತ್ತವೆ, ಮತ್ತು ಚಾಟಿ ಬೀಸಿದಾಗಲೂ ಆ ತಾಳ ಮುರಿಯುವುದಿಲ್ಲ. ದಣಿದವನ ಸೊಂಟ ಜೀನಿಗೆ ಬಡಿಯತೊಡಗುತ್ತದೆ. ಅವನ ಕೈ ಒಂದು ತಾಳ, ಕುದುರೆಯ ಹೆಜ್ಜೆ ಇನ್ನೊಂದು ತಾಳ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆ ಆಗ ನೆನಪಾಗುತ್ತದೆ. ಜೋರಾಗಿ ಕೈ ಬೀಸುವ ಜಾಕಿ ಸ್ಟ್ಯಾಂಡಿನಲ್ಲಿ ಕುಳಿತವರಿಗೆ ಶ್ರಮಜೀವಿಯಂತೆ ಕಾಣುತ್ತಾನೆ, ಆದರೆ ಅವನ ಶ್ರಮದ ಭಾರವನ್ನೂ ಕುದುರೆಯೇ ಹೊರುತ್ತಿರುತ್ತದೆ.

ತಿರುವಿನಲ್ಲಿ ಜಾಕಿ ಆರಿಸಿಕೊಳ್ಳುವ ದಾರಿ ಇನ್ನೂ ಹೆಚ್ಚು ಗಮನಿಸಬೇಕಾದದ್ದು, ಏಕೆಂದರೆ ಅದನ್ನು ಅಳೆಯಲೂ ಬಹುದು. ಅರ್ಧ ವೃತ್ತದ ತಿರುವಿನಲ್ಲಿ ಒಳಗಿನ ಕಂಬಿಯಿಂದ ಒಂದೊಂದು ಮೀಟರ್ ಹೊರಗೆ ಸರಿದಂತೆಲ್ಲ ಕುದುರೆ 3.14 ಮೀಟರ್ ಹೆಚ್ಚು ಓಡಬೇಕಾಗುತ್ತದೆ. ಮೂರು ಮೀಟರ್ ಹೊರಗಿದ್ದರೆ 9.4 ಮೀಟರ್, ಒಂದು ಕುದುರೆಯ ಉದ್ದ ಸುಮಾರು 2.4 ಮೀಟರ್ ಎಂದುಕೊಂಡರೆ ಇದು ಹತ್ತಿರ ಹತ್ತಿರ ನಾಲ್ಕು ಲೆಂಗ್ತ್. ಹೊರಗಿನಿಂದ ಸುತ್ತಿ ಬಂದು ಒಂದೂವರೆ ಲೆಂಗ್ತಿನಲ್ಲಿ ಸೋತ ಕುದುರೆ ನಿಜಕ್ಕೂ ಆ ರೇಸಿನ ಶ್ರೇಷ್ಠ ಕುದುರೆಯಾಗಿದ್ದಿರಬಹುದು. ಮುಂದಿನ ಸಲ ಅದೇ ಕುದುರೆಯನ್ನು ಜಾಗ ಹುಡುಕಿ ಒಳಗೆ ಸೇರಿಸುವ ಜಾಕಿ ಏರಿದರೆ, ಆ ಬದಲಾವಣೆಗೆ ನಿಜವಾದ ಬೆಲೆಯಿದೆ.

ಆದರೆ ಮೈಸೂರಿನಲ್ಲಿ ಈ ಗಣಿತವನ್ನು ಕುರುಡಾಗಿ ಅನ್ವಯಿಸಬಾರದು. ಇಲ್ಲಿನ ಮುಖ್ಯ ಸೀಸನ್ ಮಳೆಗಾಲದಲ್ಲಿ ಆರಂಭವಾಗಿ ದಸರಾ ಆಸುಪಾಸಿಗೆ ಬರುತ್ತದೆ. ವಾರಗಟ್ಟಲೆ ಗೊರಸು ಬಿದ್ದು ಒಳಗಿನ ಹುಲ್ಲುನೆಲ ಕಿತ್ತು ಮೆತ್ತಗಾದ ಮೇಲೆ, ಕಂಬಿಗೆ ಅಂಟಿಕೊಂಡು ಓಡುವ ಕುದುರೆ ದೂರದಲ್ಲಿ ಉಳಿಸಿದ್ದನ್ನು ಕೆಸರಿನಲ್ಲಿ ಕಳೆಯುತ್ತದೆ. ಅದಕ್ಕಾಗಿಯೇ ಫಾಲ್ಸ್ ರೇಲ್, ಅಂದರೆ ತಾತ್ಕಾಲಿಕ ಕಂಬಿ, ಹಾಕಿ ಸವೆದ ಭಾಗವನ್ನು ಮುಚ್ಚುತ್ತಾರೆ. ನೆಲ ಎಷ್ಟು ಮೆತ್ತಗಿದೆಯೆಂದು ಹೇಳುವ ದಿನದ ಪೆನೆಟ್ರೊಮೀಟರ್ ಅಳತೆಯನ್ನೂ ಫಾಲ್ಸ್ ರೇಲಿನ ಅಗಲವನ್ನೂ ಗುರುತು ಹಾಕಿಕೊಂಡು, ಮೊದಲ ಎರಡು ರೇಸುಗಳಲ್ಲಿ ಹಣ ಕಟ್ಟದೆ ಸುಮ್ಮನೆ ನೋಡಿ. ನೇರ ಹಾದಿಗೆ ತಿರುಗುತ್ತಿದ್ದಂತೆ ಯಾವ ಜಾಕಿಗಳು ಬೇಕೆಂದೇ ಹೊರಗಿನ ಗಟ್ಟಿ ನೆಲಕ್ಕೆ ಸರಿಯುತ್ತಾರೆ, ಯಾರು ಅಭ್ಯಾಸಬಲದಿಂದ ಒಳಗೇ ಉಳಿಯುತ್ತಾರೆ ಎಂಬುದು ಆ ಎರಡು ರೇಸುಗಳಲ್ಲೇ ತಿಳಿದುಬಿಡುತ್ತದೆ. ಬೆಳಿಗ್ಗೆ ಟ್ರ್ಯಾಕಿನ ಮೇಲೆ ನಡೆದು ನೋಡಿದ ಜಾಕಿಗೂ ನೋಡದವನಿಗೂ ಇರುವ ವ್ಯತ್ಯಾಸ ಇದೇ.

ಓಟದ ವೇಗವನ್ನು ಜಾಕಿ ಅಳೆದು ನಿಭಾಯಿಸುವುದನ್ನು ಗುರುತಿಸುವುದು ಸ್ವಲ್ಪ ಕಷ್ಟ, ಆದರೆ ಕಲಿಯಬಹುದಾದದ್ದು. 1600 ಮೀಟರಿನ ರೇಸಿನಲ್ಲಿ ಮುಂದೆ ಓಡುವ ಜಾಕಿ ನಡುವಿನ ನಾನೂರು ಮೀಟರಿನಲ್ಲಿ ಯಾರಿಗೂ ಗೊತ್ತಾಗದಂತೆ ವೇಗ ತಗ್ಗಿಸಿ, ಕುದುರೆಗೆ ಒಂದು ಉಸಿರು ಕೊಟ್ಟು, ಹಿಂದಿನವರು ಎಚ್ಚೆತ್ತುಕೊಳ್ಳುವ ಮೊದಲೇ ಮತ್ತೆ ಬಿಟ್ಟರೆ ಅವನನ್ನು ಹಿಡಿಯುವುದು ಅಸಾಧ್ಯವಾಗುತ್ತದೆ. ಅಂಥ ರೇಸಿನ ವಿಡಿಯೊವನ್ನು ಕೈಗಡಿಯಾರ ಹಿಡಿದು ಮೂರು ಸಲ ನೋಡಿ, ಫರ್ಲಾಂಗ್ ಕಂಬದಿಂದ ಕಂಬಕ್ಕೆ ಹಿಡಿದ ಸೆಕೆಂಡುಗಳನ್ನು ಬರೆದುಕೊಳ್ಳಿ. ಮುಂದೆ ಓಡಿ ಗೆದ್ದವರಲ್ಲಿ ಲೆಕ್ಕ ಹಾಕಿ ಗೆದ್ದವರೆಷ್ಟು, ಯಾರೂ ಅಟ್ಟಿಸಿಕೊಂಡು ಬರದಿದ್ದುದರಿಂದ ಗೆದ್ದವರೆಷ್ಟು ಎಂಬುದು ಆಗ ಸ್ಪಷ್ಟವಾಗುತ್ತದೆ.

ರೇಸಿಗೆ ಮುನ್ನ ಕುದುರೆಗಳನ್ನು ನಡೆಸಿ ತೋರಿಸುವ ಅಂಗಳವಾದ ಪ್ಯಾಡಕ್ಕಿಗೆ ಹೋಗದೆ ಬಾಜಿ ಕಟ್ಟುವವರ ಬಗ್ಗೆ ನನಗೆ ನಿಜಕ್ಕೂ ಮರುಕವಿದೆ. ಒಂದು ಸಂಜೆ, ಬೆಟ್ಟದ ಮೇಲಿಂದ ಮೋಡ ಇಳಿದು ಜಿನುಗು ಮಳೆ ಹಿಡಿದಿದ್ದಾಗ, ಎಳೆಯ ಹೆಣ್ಣು ಕುದುರೆಯೊಂದು ಕಿವಿ ಹಿಂದಕ್ಕೆ ಮಡಚಿ, ತೊಡೆಗಳ ನಡುವೆ ಬೆವರು ನೊರೆಗಟ್ಟಿ, ಕಡಿವಾಣ ಹಿಡಿದ ಹುಡುಗನನ್ನು ಎಳೆದಾಡುತ್ತ ಸುತ್ತುತ್ತಿತ್ತು. ಜಾಕಿಯನ್ನು ಮೇಲೆತ್ತಿ ಕೂರಿಸಿದರು. ಅವನು ಲಗಾಮನ್ನು ಬಿಗಿ ಹಿಡಿಯಲಿಲ್ಲ; ಸಡಿಲ ಬಿಟ್ಟು, ಎಡಗೈಯನ್ನು ಅದರ ಕುತ್ತಿಗೆಯ ಬುಡದಲ್ಲಿಟ್ಟು, ರಿಕಾಪಿಗೆ ಕಾಲು ಕೊಡುವ ಆತುರವನ್ನೂ ತೋರದೆ ಹತ್ತು ಹೆಜ್ಜೆ ಅದು ಹೋದತ್ತ ಹೋದನು. ಎರಡನೇ ಸುತ್ತಿನಲ್ಲಿ ಕುದುರೆಯ ಕಿವಿಗಳು ಮುಂದಕ್ಕೆ ಬಂದವು. ಅದು ಗೆಲ್ಲಲಿಲ್ಲ, ಎರಡನೆಯದಾಗಿ ಬಂತು. ಆದರೆ ಹೆದರುವ, ಎಳೆದಾಡುವ ಕುದುರೆಗಳ ಮೇಲೆ ಆ ಜಾಕಿಯ ಹೆಸರು ಬಂದಾಗಲೆಲ್ಲ ನಾನು ನನ್ನ ಪುಸ್ತಕದಲ್ಲಿ ಒಂದು ಚುಕ್ಕೆ ಹೆಚ್ಚಿಗೆ ಇಡುತ್ತೇನೆ. ಯಾವ ಅಂಕಿಅಂಶದಲ್ಲೂ ಆ ಹತ್ತು ಹೆಜ್ಜೆ ದಾಖಲಾಗುವುದಿಲ್ಲ.

ಬೆಳಗಿನ ಟ್ರ್ಯಾಕ್ ವರದಿಗಳನ್ನು ಓದುವವರು ಕುದುರೆ 600 ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಓಡಿತೆಂಬುದನ್ನು ನೋಡುತ್ತಾರೆಯೇ ಹೊರತು, ಅದರ ಪಕ್ಕದಲ್ಲಿ ಬರೆದಿರುವ ಸವಾರನ ಹೆಸರನ್ನು ನೋಡುವುದಿಲ್ಲ. ಹೆಚ್ಚಿನ ಕುದುರೆಗಳ ಮುಂದೆ ರೈಡಿಂಗ್ ಬಾಯ್, ಅಂದರೆ ಲಾಯದ ಸವಾರಿ ಹುಡುಗ, ಎಂದಷ್ಟೇ ಇರುತ್ತದೆ. ರೇಸಿನ ದಿನ ಏರಲಿರುವ ಜಾಕಿಯೇ ಮುಂಜಾನೆ ಮರಳಿನ ಟ್ರ್ಯಾಕಿನಲ್ಲಿ ಅದನ್ನು ಓಡಿಸಿದ್ದರೆ ಅವರಿಬ್ಬರಿಗೂ ಪರಿಚಯವಾಗಿದೆ ಎಂದರ್ಥ, ವಿಶೇಷವಾಗಿ ಹೊಸ ಕುದುರೆಗಳ ಮಟ್ಟಿಗೆ ಇದು ಮುಖ್ಯ. ಅನುಭವಿ ಜಾಕಿ ಆರಾಮವಾಗಿ ಹಿಡಿದುಕೊಂಡು ಓಡಿಸಿದ ಸಮಯವನ್ನೂ, ಹಗುರ ಹುಡುಗ ತಳ್ಳಿ ಓಡಿಸಿದ ಸಮಯವನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಜಾಕಿ ಮತ್ತು ತರಬೇತುದಾರರ ಜೋಡಿಯನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಬೇಕು. ಒಂದೇ ಲಾಯದಿಂದ ಎರಡು ಕುದುರೆಗಳು ಓಡುವಾಗ ಆ ಲಾಯದ ಖಾಯಂ ಜಾಕಿ ಯಾವುದನ್ನು ಏರಿದ್ದಾನೆಂಬುದು ಸೂಚನೆಯೇ, ಆದರೆ ಕೆಲವೊಮ್ಮೆ ಅವನು ಮಾಲೀಕರೊಂದಿಗಿನ ಒಪ್ಪಂದಕ್ಕೆ ಕಟ್ಟುಬಿದ್ದು ಏರಿರುತ್ತಾನೆ, ಅಲ್ಲಿ ಆಯ್ಕೆಯ ಪ್ರಶ್ನೆಯೇ ಇರುವುದಿಲ್ಲ. ಜಾಕಿ ಬದಲಾದದ್ದಕ್ಕೆ ಕಾರಣ ಹುಡುಕದೆ ಅರ್ಥ ಕಟ್ಟಬಾರದು: ಹಳೆಯವನು ಅಮಾನತಾಗಿರಬಹುದು, ಗಾಯಗೊಂಡಿರಬಹುದು, ತೂಕ ಇಳಿಸಲು ಆಗದೆ ಬಿಟ್ಟಿರಬಹುದು. ಇವ್ಯಾವುವೂ ಅಲ್ಲದೆ ಮೂರು ಸಲ ಏರಿದವನೇ ಆ ಕುದುರೆಯನ್ನು ಬಿಟ್ಟು ಅದೇ ರೇಸಿನಲ್ಲಿ ಬೇರೊಂದನ್ನು ಆರಿಸಿಕೊಂಡಿದ್ದರೆ ಆಗ ಗಂಭೀರವಾಗಿ ಯೋಚಿಸಬೇಕು. ಡರ್ಬಿಯಂಥ ದೊಡ್ಡ ದಿನಗಳಲ್ಲಿ ಹೊರಗಿನ ಕೇಂದ್ರಗಳಿಂದ ತಾರಾ ಜಾಕಿಗಳು ಬರುತ್ತಾರೆ. ಸೂರಜ್ ನರೇಡು ಅವರಂಥ ಹೆಸರು ಫಲಕದ ಮೇಲೆ ಬಂದ ಕೂಡಲೇ ಜನ ಮುಗಿಬೀಳುತ್ತಾರೆ. ಅವರ ಸಾಮರ್ಥ್ಯದ ಬಗ್ಗೆ ಅನುಮಾನವಿಲ್ಲ. ಆದರೆ ಆ ಸಾಮರ್ಥ್ಯದ ಬೆಲೆ ದರದೊಳಗೆ ಆಗಲೇ ಸೇರಿ ಹೋಗಿರುತ್ತದೆ, ಹಲವು ಸಲ ಅಗತ್ಯಕ್ಕಿಂತ ಹೆಚ್ಚಾಗಿಯೇ.

ಅಪ್ರೆಂಟಿಸ್ ಹುಡುಗರನ್ನು ಕಡೆಗಣಿಸಬೇಡಿ. ಅನುಭವ ಕಡಿಮೆಯೆಂಬ ಕಾರಣಕ್ಕೆ ಅವರ ಕುದುರೆಗೆ ತೂಕದಲ್ಲಿ ಕೆಲವು ಕಿಲೋ ರಿಯಾಯಿತಿ ಸಿಗುತ್ತದೆ, ಗೆಲುವುಗಳು ಹೆಚ್ಚಿದಂತೆ ಆ ರಿಯಾಯಿತಿ ಇಳಿಯುತ್ತ ಹೋಗುತ್ತದೆ. ಹುಡುಗ ಪಳಗಿದ್ದಾನೆ, ರಿಯಾಯಿತಿ ಇನ್ನೂ ಉಳಿದಿದೆ ಎಂಬ ಕೆಲವೇ ತಿಂಗಳ ಅವಧಿಯಿರುತ್ತದೆ. ಅದನ್ನು ಮೊದಲು ಗುರುತಿಸುವವರು ಜಾಣ ತರಬೇತುದಾರರು. ಸುಲಭವಾಗಿ ಮುಂದೆ ಓಡುವ ಕುದುರೆಗೆ ಅಂಥ ಹುಡುಗ ಚೆನ್ನಾಗಿ ಒಪ್ಪುತ್ತಾನೆ, ಹಿಂದಿನಿಂದ ಸಂದಿ ಹುಡುಕಿಕೊಂಡು ಬರಬೇಕಾದ ಕುದುರೆಗೆ ಒಪ್ಪುವುದಿಲ್ಲ. ಇದಕ್ಕೆ ವಿರುದ್ಧವಾದದ್ದು ಹಿರಿಯ ಜಾಕಿಯ ಸಂಕಟ. ಸಾಮಾನ್ಯವಾಗಿ 55 ಕಿಲೋ ಸುತ್ತ ಏರುವವನು ಒಂದು ಕುದುರೆಗಾಗಿ 51ಕ್ಕೆ ಇಳಿದಿದ್ದರೆ ಆ ಕುದುರೆಯ ಮೇಲೆ ಅವನಿಗೆ ನಂಬಿಕೆಯಿದೆಯೆಂಬುದು ಒಂದು ಮುಖ. ಉಪವಾಸವಿದ್ದು, ಬೆವರಿಳಿಸಿ, ನೀರು ಬಿಟ್ಟು ಬಂದವನ ತೋಳಿನಲ್ಲಿ ಕೊನೆಯ ನೂರು ಮೀಟರಿಗೆ ಬಲ ಉಳಿದಿರುತ್ತದೆಯೇ ಎಂಬುದು ಇನ್ನೊಂದು ಮುಖ. ಅಂದು ಅವನಿಗೆ ಅದು ಮೊದಲ ಸವಾರಿಯೋ ಆರನೆಯದೋ ನೋಡಿ.

ರೇಸಿನ ನಿಯಮಪಾಲನೆ ನೋಡುವ ಸ್ಟೀವರ್ಡುಗಳ ವರದಿಯನ್ನು ಓದುವ ಪಂಟರುಗಳು, ಅಂದರೆ ಬಾಜಿ ಕಟ್ಟುವವರು, ಬಹಳ ಕಡಿಮೆ, ಅದೇ ಅದರ ಬೆಲೆ. ಆರಂಭದಲ್ಲಿ ಅಡ್ಡಗಟ್ಟಲ್ಪಟ್ಟಿತು, ಓಡುವಾಗ ಒಳಕ್ಕೆ ಎಳೆಯಿತು, ಜೀನು ಜಾರಿತು ಎಂಬಂಥ ಒಂದು ಸಾಲು, ಜನ ಜಾಕಿಯ ತಲೆಗೆ ಕಟ್ಟಿದ ಸೋಲನ್ನು ಬೇರೆಯೇ ಬೆಳಕಿನಲ್ಲಿ ತೋರಿಸುತ್ತದೆ. ಹಾಗೆಯೇ ಅಜಾಗರೂಕ ಸವಾರಿಗೆ ಪದೇ ಪದೇ ಅಮಾನತಾಗುವವನ ಹೆಸರನ್ನೂ ಬರೆದಿಟ್ಟುಕೊಳ್ಳಿ. ಗೆದ್ದು ಬಂದ ಕುದುರೆ ಆಕ್ಷೇಪಣೆಯಲ್ಲಿ ಸ್ಥಾನ ಕಳೆದುಕೊಂಡರೆ ನಿಮ್ಮ ಟಿಕೆಟ್ ಕಾಗದದ ಚೂರು. ಸೋತ ಮಾತ್ರಕ್ಕೆ ಜಾಕಿ ಕುದುರೆಯನ್ನು ಬೇಕೆಂದೇ ತಡೆಹಿಡಿದನೆಂದು ಕೂಗುವುದು ಸ್ಟ್ಯಾಂಡಿನಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಅದು ಅನ್ಯಾಯ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ, ಅರ್ಧ ಟನ್ ತೂಗುವ ಪ್ರಾಣಿಯ ಮೇಲೆ ಬೆರಳ ತುದಿಯಲ್ಲಿ ನಿಂತವನು ಪ್ರತಿ ಸಲವೂ ಪ್ರಾಣವನ್ನು ಪಣಕ್ಕಿಟ್ಟಿರುತ್ತಾನೆ, ನಾವು ಪಣಕ್ಕಿಡುವುದು ಹಣವನ್ನು ಮಾತ್ರ.

ಇನ್ನು ಹಣದ ಮಾತು. 2025ರ ಸೆಪ್ಟೆಂಬರ್ 22ರಿಂದ ಕುದುರೆ ಪಂದ್ಯದ ಬಾಜಿಯ ಮೇಲಿನ ಜಿಎಸ್‌ಟಿ ಶೇಕಡ 40 ಆಗಿದೆ. ತೆರಿಗೆ ಬಾಜಿಯ ಮೇಲೆ ಸೇರಿ 100 ರೂಪಾಯಿಗೆ ಕೈಯಿಂದ 140 ಹೋದರೆ, ಎರಡಕ್ಕೆ ಮೂರು ಕೊಡುವ ಫೇವರಿಟ್ ಗೆದ್ದಾಗ ಸಿಗುವುದು 250. ತೆರಿಗೆಯಿಲ್ಲದಿದ್ದರೆ ನೂರರಲ್ಲಿ 40 ಸಲ ಗೆದ್ದರೆ ಸರಿದೂಗುತ್ತಿದ್ದ ಬಾಜಿ ಈಗ 56 ಸಲ ಗೆಲ್ಲಬೇಕು. ಅಷ್ಟು ಸಲ ಗೆಲ್ಲಿಸಿಕೊಡುವ ಜಾಕಿ ಜಗತ್ತಿನಲ್ಲೇ ಇಲ್ಲ. ಆದ್ದರಿಂದ ಕಡಿಮೆ ದರದ ಕುದುರೆಯನ್ನು ಜಾಕಿಯ ಹೆಸರು ನೋಡಿ ಕೊಳ್ಳುವ ಕಾಲ ಮುಗಿದಿದೆ. ಎಂಟು ರೇಸುಗಳ ದಿನದಲ್ಲಿ ಒಂದೋ ಎರಡೋ ಕಡೆ ಮಾತ್ರ ಕಟ್ಟುವುದು, ಮನೆಯಿಂದ ಹೊರಡುವಾಗಲೇ ಕಳೆದರೂ ನೋವಾಗದಷ್ಟು ಹಣವನ್ನು ಬೇರೆ ಇಟ್ಟುಕೊಳ್ಳುವುದು, ಅದು ಮುಗಿದ ಮೇಲೆ ಜೇಬಿಗೆ ಕೈ ಹಾಕದೆ ಉಳಿದ ರೇಸುಗಳನ್ನು ಜಾಕಿಗಳನ್ನು ಓದಲು ಬಳಸುವುದು ನಾನು ಪಾಲಿಸುವ ಕ್ರಮ.

ಕುದುರೆಯನ್ನು ಮೊದಲು ಆರಿಸಿ, ಜಾಕಿಯ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿಕೊಂಡೇ ಅದಕ್ಕೆ ನೀವು ಕೊಡಬಹುದಾದ ದರವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಆಮೇಲೆ ಬೆರಳು ತೆಗೆದು, ಈ ದೂರಕ್ಕೆ, ಈ ನೆಲಕ್ಕೆ, ಈ ಸ್ವಭಾವದ ಕುದುರೆಗೆ ಆ ಜಾಕಿ ಹೊಂದುತ್ತಾನೆಯೇ ನೋಡಿ ಆ ದರವನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿ. ಫಲಕದ ದರ ನಿಮ್ಮ ದರಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಮಾತ್ರ ಬಾಜಿ ಕಟ್ಟುವ ಕಿಟಕಿಯತ್ತ ಹೋಗಿ. ಹೋಗುವ ದಾರಿಯಲ್ಲಿ ಜಾಕಿ ಬದಲಾವಣೆ ಮತ್ತು ಹೆಚ್ಚುವರಿ ತೂಕದ ಪ್ರಕಟಣೆಯನ್ನು ಕೊನೆಯದಾಗಿ ಒಮ್ಮೆ ನೋಡಿಕೊಳ್ಳಿ. ಪುಸ್ತಕ ಅಚ್ಚಾದ ನಂತರ ಜಾಕಿ ಬದಲಾಗಿದ್ದರೆ ಪೆನ್ಸಿಲಿನ ದರವನ್ನು ಅಳಿಸಿ ಮತ್ತೆ ಬರೆಯಬೇಕಾಗುತ್ತದೆ.